ಏಳನೆಯ ಅಧ್ಯಾಯದ ಪ್ರೂಫು

“ಇದೇನಜ್ಜಾ, ಮಗೂನ ಕೂರಿಸ್ಕೊಂಡಂಗೆ ತೊಡೆ ಮ್ಯಾಲೆ ಕೂರಿಸ್ಕೊಂಡಿದ್ದೀರಾ?” ಎಂದು ಕಂಡಕ್ಟರು ಗಂಟಿನ ಮೇಲೆ ಬೆರಳಿನಿಂದ ಬಡಿದ. ಒಳಗಿನಿಂದ ತಗಡಿನ ಸದ್ದು ಬಂತು. ಕಂಪ್ಯೂಟರು ಎಂದರು ವಿಶ್ವಾರಾಧ್ಯರು. “ಹೆಣ್ಣೋ ಗಂಡೋ? ಹೆಣ್ಣಾದ್ರೆ ಆಧಾರ್ ಕಾರ್ಡು ತೋರ್ಸಿ, ಫ್ರೀ. ಗಂಡಾದ್ರೆ ಲಗೇಜು ಟಿಕೇಟು.” ಹಿಂದಿನ ಸೀಟಿನ ಹೆಂಗಸರು ನಕ್ಕರು. ತಮಾಷೆಯ ಮನುಷ್ಯ, ಕೆಟ್ಟವನೇನಲ್ಲ ಎಂದು ಗೊತ್ತಿದ್ದರೂ ವಿಶ್ವಾರಾಧ್ಯರ ಕಿವಿ ಬಿಸಿಯಾಯಿತು. ಗಂಟು ಕಟ್ಟಿದ್ದು ದಾಕ್ಷಿಯ ನೀಲಿ ಸೀರೆಯಲ್ಲಿ. ಮನೆಯಲ್ಲಿ ಹಳೆಯ ಜಮಖಾನ ಇತ್ತಲ್ಲ, ಅದು ಯಾಕೆ ಹೊಳೆಯಲಿಲ್ಲ ಎಂದು ಈಗ ಅನ್ನಿಸಿತು. ಸತ್ತ ಮಗಳ ಸೀರೆಯನ್ನು ಬಸ್ಸಿನಲ್ಲಿ ನಾಲ್ಕು ಜನ ಮುಟ್ಟುವ ಹಾಗೆ ತಂದೆನಲ್ಲ ಎಂದುಕೊಂಡು ಸೆರಗಿನ ತುದಿಯನ್ನು ಗಂಟಿನ ಒಳಕ್ಕೆ ತುರುಕಿದರು. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಈ ದಾರಿಯಲ್ಲಿ ಅವರು ಮೂವತ್ತೊಂದು ವರ್ಷ ಓಡಾಡಿದ್ದರು, ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ. ಆಗ ಕೈಯಲ್ಲಿ ಬುತ್ತಿ ಮಾತ್ರ ಇರುತ್ತಿತ್ತು. ಕಂಡಕ್ಟರುಗಳು ಎದ್ದು ಜಾಗ ಮಾಡಿಕೊಡುತ್ತಿದ್ದರು, ಅಥವಾ ಹಾಗೆ ಮಾಡಿಕೊಡುತ್ತಿದ್ದರೆಂದು ಈಗ ನೆನಪಾಗುತ್ತಿತ್ತು.

ಯಂತ್ರಕ್ಕೆ ಜೀವ ಬರಿಸಲು ಇದು ಮೂರನೆಯ ತಿರುಗಾಟ. ಅಜ್ಜಂಪುರದ ಮೊಬೈಲ್ ಅಂಗಡಿಯ ಹೊನ್ನೇಶ್ ಸ್ವಿಚ್ಚು ಹಾಕಿ, ಅದು ಮೂರು ಸಲ ಕೂಗಿ ಸುಮ್ಮನಾದದ್ದನ್ನು ಕೇಳಿ, ಕೈಮುಗಿದುಬಿಟ್ಟಿದ್ದ. ಕಡೂರಿನ ಅಂಗಡಿಯವನು, “ಈ ಡಬ್ಬಾನ ಗುಜರಿಯೋನೂ ತಗಳಲ್ಲ ಸ್ವಾಮಿ” ಎಂದಿದ್ದರೂ ಅದರ ಹೊಟ್ಟೆಯಿಂದ ಒಂದು ಪೆಟ್ಟಿಗೆಯನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ತಗುಲಿಸಿ ನೋಡಿದ್ದ. ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಕೊಕ್ಕೆ, ಚುಕ್ಕಿ, ಎಲ್ಲಿಯದೋ ಅಕ್ಷರ. ಅಚ್ಚಿನ ಮೊಳೆ ತುಂಬಿದ ಮರದ ಕೇಸು ಕೆಳಗೆ ಬಿದ್ದು ಎಲ್ಲ ಕಲಸಿಹೋದ ಹಾಗೆ. “ಫೈಲು ಐತೆ, ಓದಕ್ಕಾಗಲ್ಲ. ನಿಮ್ಮ ಮಗಳು ಟೈಪ್ ಮಾಡ್ತಿದ್ದ ಸಾಫ್ಟ್‌ವೇರು ಈಗ ಯಾರ ಹತ್ರಾನೂ ಇಲ್ಲ. ಅದರ ಲಾಕು ಬೇರೆ ಈ ಹಳೇ ಡಬ್ಬದ ಬೆನ್ನಿಗೇ ಸಿಕ್ಕಿಸ್ಬೇಕು. ಇದೇ ಎದ್ದು ಕೂತ್ರೆ ಉಂಟು. ತರೀಕೆರೇಲಿ ಅನುಷಾ ಅಂತ ಒಬ್ಬಳು ಅವ್ಳೆ, ಹಳೇದಕ್ಕೆಲ್ಲ ಕೈ ಹಾಕ್ತಾಳೆ, ಹೋಗಿ.” ಆಮೇಲೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಅವನೂ ಕೇಳಿದ್ದ. “ಕೈಯಲ್ಲಿ ಬರೆದಿದ್ದು ಇರ್ಬೇಕಲ್ಲ ನಿಮ್ಮ ಹತ್ರ?” ಇಲ್ಲ ಎಂದಿದ್ದರು. ಯಾಕಿಲ್ಲ ಎಂದು ಹೇಳಿರಲಿಲ್ಲ.

ಯಂತ್ರದೊಳಗೆ ಇದ್ದದ್ದು ಅವರ ಪುಸ್ತಕ. ಇಷ್ಟಲಿಂಗ ಪೂಜೆಯನ್ನು ಮನೆಯ ಹೆಂಗಸರು, ಓದು ಕಡಿಮೆ ಇದ್ದವರು, ತಾವೇ ಓದಿಕೊಂಡು ಮಾಡುವ ಹಾಗೆ ತಿಳಿಯಾಗಿ ಬರೆದ ಏಳು ಅಧ್ಯಾಯ. ಅವರು ಬರೆದುಕೊಟ್ಟದ್ದನ್ನು ದಾಕ್ಷಿ ತಾಲ್ಲೂಕು ಕಚೇರಿಯ ಎದುರಿನ ತನ್ನ ಟೈಪಿಂಗ್ ಅಂಗಡಿಯಲ್ಲಿ, ಜನರ ಅರ್ಜಿ ಅಫಿಡವಿಟ್ಟುಗಳ ನಡುವೆ, ಮೂರು ವರ್ಷ ಕೂತು ಟೈಪ್ ಮಾಡಿದ್ದಳು. ಒಂದೊಂದು ಅಧ್ಯಾಯಕ್ಕೆ ಐದು, ಆರು ಪ್ರೂಫು. ಸಂಜೆ ಮನೆಗೆ ತಂದುಕೊಡುವಳು. ಅವರು ಕೆಂಪು ಶಾಯಿಯಲ್ಲಿ ತಿದ್ದಿ ಬೆಳಿಗ್ಗೆ ಅವಳ ಊಟದ ಡಬ್ಬಿಯ ಪಕ್ಕ ಇಡುವರು. ಇನ್ನು ಇಪ್ಪತ್ತೆರಡು ದಿನಕ್ಕೆ ಅವಳ ವರ್ಷದ ಆರಾಧನೆ. ಅವತ್ತು ಮಠದಲ್ಲಿ ಅವಳ ಹೆಸರಿನಲ್ಲಿ ಈ ಪುಸ್ತಕವನ್ನು ಹಂಚುತ್ತೇನೆಂದು ಸ್ವಾಮಿಗಳ ಎದುರಿಗೆ ಮಾತು ಕೊಟ್ಟುಬಿಟ್ಟಿದ್ದರು. ಏಳನೆಯ ಅಧ್ಯಾಯದ ಪ್ರೂಫನ್ನು ಮಾತ್ರ ಅವರು ನೋಡಿರಲಿಲ್ಲ. ಜ್ವರ ಹಿಡಿದ ಎರಡನೆಯ ದಿನ, ಹೊದ್ದು ಮಲಗಿದ್ದವಳ ಹತ್ತಿರ ಹೋಗಿ, ಗಂಜಿ ಕುಡಿದೆಯಾ ಎಂದು ಕೇಳುವ ಬದಲು, “ಅದು ಮುಗೀತೇನಮ್ಮ?” ಎಂದು ಕೇಳಿದ್ದರು. ಹೊದಿಕೆಯೊಳಗಿನಿಂದ “ಮುಗೀತಪ್ಪ” ಎಂದಿದ್ದಳು. ನಾಲ್ಕನೆಯ ದಿನ ಅವಳನ್ನು ಮಣ್ಣು ಮಾಡಿದರು. ನಲವತ್ತನಾಲ್ಕು ವರ್ಷ ಅವಳಿಗೆ.

ಅವಳ ಶಿವಗಣಾರಾಧನೆ ಆದ ಮಾರನೆಯ ದಿನ ಮನೆಯ ಕಾಗದಗಳನ್ನೆಲ್ಲ ಒಟ್ಟು ಮಾಡಿದ್ದರು. ದೇವರ ಹೆಸರಿರುವ ಕಾಗದವನ್ನು ಕಾಲಿಗೆ ಸಿಗುವಂತೆ ಬಿಡಬಾರದು, ಕಸಕ್ಕೆ ಹಾಕಬಾರದು, ಒಲೆಗೆ ಇಡಬಾರದು; ಹರಿಯುವ ನೀರಿಗೆ ಬಿಡಬೇಕು. ಪ್ರೆಸ್ಸಿನಲ್ಲಿದ್ದಾಗಲೂ ಪಂಚಾಂಗದ, ಸ್ತೋತ್ರದ ಹಾಳು ಹಾಳೆಗಳನ್ನು ಬೇರೆಯಾಗಿ ಎತ್ತಿಟ್ಟು ವರ್ಷಕ್ಕೊಮ್ಮೆ ಲಕ್ಕವಳ್ಳಿಯ ಭದ್ರಾ ಹೊಳೆಗೆ ಒಯ್ಯುತ್ತಿದ್ದವರು ಅವರೊಬ್ಬರೇ, ಅದಕ್ಕೆ ಮಾಲೀಕರು ಗುರುಮೂರ್ತಿಗಳು ಬಸ್ ಚಾರ್ಜು ಕೊಡುತ್ತಿದ್ದರು. ಹಾಗೆಯೇ ಈ ಸಲ ಎಲ್ಲ ಪ್ರೂಫು, ಜೊತೆಗೆ ತಾವು ಬರೆದ ಎರಡು ದಪ್ಪ ನೋಟ್‌ಬುಕ್ಕು, ಹಳದಿ ಬಟ್ಟೆಯಲ್ಲಿ ಕಟ್ಟಿ ಅಣೆಕಟ್ಟೆಯ ಕೆಳಗೆ ಭದ್ರೆಗೆ ಬಿಟ್ಟರು. ಪುಸ್ತಕ ಯಂತ್ರದಲ್ಲಿ ಇದೆಯಲ್ಲ, ಮುಗೀತು ಅಂದಳಲ್ಲ. ಗಂಟು ಮುಳುಗಲಿಲ್ಲ. ಬಾತುಕೋಳಿಯ ಹಾಗೆ ದಡದ ಹತ್ತಿರವೇ ತಿರುಗುತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, “ಯಜಮಾನ್ರೇ, ಕಲ್ಲು ಕಟ್ಟಿ” ಎಂದು ಕೂಗಿದ್ದಳು. ಮೊಣಕಾಲಿನವರೆಗೆ ನೀರಿಗಿಳಿದು ಎಳೆದುಕೊಂಡು ಕಲ್ಲು ಕಟ್ಟಿ ಬಿಟ್ಟರು. ಆ ಕೆಲಸದಲ್ಲಿ ಅಷ್ಟು ಅವಸರ ಯಾಕಿತ್ತು ಎಂಬುದು ಅವರಿಗೆ ಗೊತ್ತಿತ್ತು. ಪ್ರೂಫುಗಳ ಅಂಚಿನಲ್ಲಿ ಅವರದೇ ಕೆಂಪು ಅಕ್ಷರ. ‘ಗಮನ ಎಲ್ಲಿತ್ತು?’ ‘ಮೂರನೆಯ ಸಲ ಇದೇ ತಪ್ಪು.’ ‘ಬರದಿದ್ದರೆ ಬರುವುದಿಲ್ಲ ಎಂದು ಹೇಳು.’ ಅವನ್ನು ಮನೆಯಲ್ಲಿ ಇಟ್ಟುಕೊಂಡು ಪೂಜೆಗೆ ಕೂರುವುದು ಅವರಿಂದ ಆಗುತ್ತಿರಲಿಲ್ಲ.

ಅನುಷಾಳ ಅಂಗಡಿ ಅವರ ಹಳೆಯ ಪ್ರೆಸ್ಸಿನ ಬೀದಿಯಲ್ಲೇ ಇತ್ತು. ಪ್ರೆಸ್ಸಿದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಅದನ್ನು ನೋಡದ ಹಾಗೆ ತಲೆ ತಗ್ಗಿಸಿಕೊಂಡು ಬಂದರು. ಅನುಷಾ ಮೂವತ್ತೈದರ ಹೆಂಗಸು, ಕೈಯಲ್ಲಿ ಸ್ಕ್ರೂಡ್ರೈವರು, ಕಿವಿಗೂ ಭುಜಕ್ಕೂ ನಡುವೆ ಫೋನು. ಒಂದು ಕಡೆ ಜೆರಾಕ್ಸ್ ಯಂತ್ರ ಓಡುತ್ತಿತ್ತು. ಬೆಂಚಿನ ಮೇಲೆ ಶಿವನಿ ಕಡೆಯ ತೆಂಗಿನ ತೋಟದವನೊಬ್ಬ, ತಿಮ್ಮೇಶ್ ಎಂದು ಹೆಸರಂತೆ, ರಿಪೇರಿಗೆ ಕೊಟ್ಟ ಮಗಳ ಲ್ಯಾಪ್‌ಟಾಪಿಗಾಗಿ ಕಾಯುತ್ತಿದ್ದ. ಸೀರೆ ಬಿಚ್ಚಿದೊಡನೆ ಅವನು ಬಗ್ಗಿ ನೋಡಿ, “ಓಹೋ, ಇದು ನಮ್ಮ ಅಪ್ಪನ ಕಾಲದ್ದು ಕಣಮ್ಮ ಅನುಷಾ. ಸೀಮೆಎಣ್ಣೆ ಹಾಕಿದ್ರೆ ಓಡ್ತದೇನೋ ನೋಡು” ಎಂದ. “ನೀವು ಸುಮ್ನಿರಿ ತಿಮ್ಮೇಶಣ್ಣ. ಅಜ್ಜ, ಎಷ್ಟು ವರ್ಷದ್ದು ಇದು?” ಗೊತ್ತಿಲ್ಲ ಎಂದರು. ಕಡೂರಿನ ಒಂದು ಕಚೇರಿ ಮುಚ್ಚಿದಾಗ ಹರಾಜಿನಲ್ಲಿ ಕೊಂಡದ್ದು, ಆಗಲೇ ಹಳೆಯದಾಗಿತ್ತು. ದಾಕ್ಷಿ ಹೊಸದು ಬೇಕೆಂದು ಕೇಳಿದ್ದಳು, ಎರಡು ಸಲ. ಅಕ್ಷರ ಅಕ್ಷರವೇ, ಹೊಸ ಯಂತ್ರದಲ್ಲಿ ಬೇರೆ ಕನ್ನಡ ಬರುತ್ತದೆಯೇ ಎಂದು ಇವರು ಹೇಳಿದ್ದರು. ಆ ಮಾತು ಆಗ ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಅನುಷಾ ಪಕ್ಕದ ತಗಡು ಬಿಚ್ಚಿದಳು. ಒಳಗೆ ದೂಳು ಉಣ್ಣೆಯ ಹಾಗೆ ಕಟ್ಟಿತ್ತು. “ಅಯ್ಯೋ ಶಿವನೇ, ಇದರೊಳಗೆ ವಿಭೂತಿ ಹೆಂಗೆ ಬಂತಜ್ಜ? ಇಲ್ನೋಡಿ, ಹೂವಿನ ಎಸಳು!” ಆಯುಧಪೂಜೆಗೆ ದಾಕ್ಷಿ ಪ್ರತಿ ವರ್ಷ ವಿಭೂತಿ ಹಚ್ಚಿ ಸೇವಂತಿಗೆ ಏರಿಸುತ್ತಿದ್ದಳು, ಸೀಳುಗಳಿಂದ ಒಳಗೆ ಹೋಗಿರಬೇಕು. “ದೇವ್ರೇ ಕಾಪಾಡ್ಕೊಂಡು ಬಂದಿದಾನೆ ಅನ್ನಿ, ಮಷೀನಲ್ಲಿ ಏನೂ ಇಲ್ಲ” ಎಂದ ತಿಮ್ಮೇಶ್. ಅನುಷಾ ಊದಿದಳು, ಬ್ರಷ್ಷಿನಿಂದ ಗುಡಿಸಿದಳು, ಒಂದು ಹಸಿರು ಪಟ್ಟಿಯನ್ನು ಕಿತ್ತು ಅದರ ಹಿತ್ತಾಳೆ ಬಣ್ಣದ ಅಂಚನ್ನು, ಇವರು ನಂಬಲೇ ಇಲ್ಲ, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದಳು. ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಮೂರು ಕೂಗು. ಮತ್ತೆ ಕಿತ್ತಳು, ಉಜ್ಜಿದಳು. ಮೂರು ಕೂಗು. ಯಾರೋ ಮಾರ್ಕ್ಸ್‌ಕಾರ್ಡು ಜೆರಾಕ್ಸಿಗೆ ಬಂದರು, ಎದ್ದು ಹೋದಳು. ವಿಶ್ವಾರಾಧ್ಯರು ಸ್ಟೂಲಿನ ಮೇಲೆ ಕೂತಿದ್ದರು. ಬೆನ್ನು ನೋಯುತ್ತಿತ್ತು. ಒಂದು ಗಂಟೆ ಆಯಿತು. ಯಂತ್ರವನ್ನು ಎತ್ತಿ ಬೀದಿಗೆ ಕುಕ್ಕಬೇಕು ಅನ್ನಿಸುವಷ್ಟು ಸಿಟ್ಟು ಬಂತು, ಈ ಹುಡುಗಿಯ ಮೇಲೆ, ತಿಮ್ಮೇಶನ ಮೇಲೆ, ಮೂರು ಸಲ ಕೂಗಿ ಬಾಯಿ ಮುಚ್ಚುವ ತಗಡಿನ ಮೇಲೆ. ಅವರ ಕಾಲದಲ್ಲಿ ಮೊಳೆ ಸವೆದರೆ ಕಣ್ಣಿಗೆ ಕಾಣುತ್ತಿತ್ತು. ಕೇಸಿನ ಯಾವ ಮನೆಯಲ್ಲಿ ಯಾವ ಅಕ್ಷರ ಎಂದು ಬೆರಳಿಗೆ ಗೊತ್ತಿತ್ತು, ದೀಪ ಹೋದರೂ ಕೈ ನಿಲ್ಲುತ್ತಿರಲಿಲ್ಲ. ಇದರಲ್ಲಿ ಏನು ಕೆಟ್ಟಿದೆ ಎಂದು ಇದನ್ನು ಬಿಚ್ಚಿದವಳಿಗೇ ಗೊತ್ತಾಗುತ್ತಿಲ್ಲ. ಸಂಜೆ ಏಳಕ್ಕೆ ಬರಬೇಕಾದ ಮಗಳು ಎಂಟೂವರೆಗೆ ಬಂದಾಗ, “ನಾಲ್ಕು ಪುಟ ತಿದ್ದಕ್ಕೆ ಎಷ್ಟೊತ್ತೇ ನಿಂಗೆ?” ಎಂದು ಕೇಳುತ್ತಿದ್ದರು. “ಅದು ಏಳಲಿಲ್ಲಪ್ಪ ಇವತ್ತು” ಎನ್ನುತ್ತಿದ್ದಳು. ಏಳುವುದು ಎಂದರೆ ಏನೆಂದು ಅವರು ಕೇಳಿರಲಿಲ್ಲ. ನೆಪ ಎಂದುಕೊಂಡಿದ್ದರು.

ಐದನೆಯ ಸಲಕ್ಕೋ ಆರನೆಯ ಸಲಕ್ಕೋ ಒಂದೇ ಕೂಗು ಕೇಳಿಸಿ ಪರದೆಯಲ್ಲಿ ಬಿಳಿ ಇಂಗ್ಲಿಷ್ ಅಕ್ಷರಗಳು ಮೂಡಿದವು. ತಿಮ್ಮೇಶ್ ಚಪ್ಪಾಳೆ ತಟ್ಟಿದ. “ಎದ್ದುಬಿಡ್ತಲ್ಲ ಹೆಣ!” ಎಂದವನು ಇವರ ಮುಖ ನೋಡಿ ಕೈ ಇಳಿಸಿದ. ಅಕ್ಷರಗಳು ಅಲ್ಲೇ ನಿಂತಿದ್ದವು. “ಇನ್ನೇನಾಯ್ತಮ್ಮ?” “ಏನಿಲ್ಲಜ್ಜ. ಒಳಗಡೆ ಒಂದು ಸಣ್ಣ ಬ್ಯಾಟ್ರಿ ಇರುತ್ತೆ, ವಾಚಿಂದು ಇರುತ್ತಲ್ಲ ಅಂಥದ್ದು. ಅದು ಸತ್ತೋಗಿ ಕಾಲ ಆಗಿದೆ. ಅದಕ್ಕೇ ಪ್ರತಿ ಸಲ ಆನ್ ಮಾಡಿದಾಗ ತಾರೀಖು ಮರ್ತೋಗುತ್ತೆ, ಎರಡು ಸಾವಿರದ ಮೂರು ಅಂತ ತಿಳ್ಕೊಳುತ್ತೆ. ಇಲ್ಲಿ ಈ ಬಟನ್ ಒತ್ತಿ ಮುಂದಕ್ಕೆ ಕಳಿಸ್ಬೇಕು. ಯಾರು ಕೂರ್ತಿದ್ರು ಇದರ ಮುಂದೆ? ದಿನಾ ಇದೇ ಗೋಳು ಅವರಿಗೆ. ಮೂವತ್ತು ರೂಪಾಯಿ ಬ್ಯಾಟ್ರಿ ಹಾಕ್ಸಿದ್ರೆ ಆಗ್ತಿತ್ತಪ್ಪ.” ಹಾಕ್ಸಿ ಎಂದು ದಾಕ್ಷಿ ಕೇಳಿದ್ದಳು. ಒಂದು ಚೀಟಿಯಲ್ಲಿ ಆ ಬ್ಯಾಟರಿಯ ನಂಬರು ಬರೆದು ಇವರ ಜೇಬಿಗೆ ಹಾಕಿದ್ದಳು, ಕಡೂರಿಗೆ ಹೋದಾಗ ತನ್ನಿ ಎಂದು. ಕಡೂರಿಗೆ ಹೋದಾಗಲೆಲ್ಲ ನೆನಪಾಗುತ್ತಿದ್ದದ್ದು ಬಸ್ ಹತ್ತಿದ ಮೇಲೆ. ಒಂದು ಸಲ ಚೀಟಿ ಜುಬ್ಬದೊಡನೆ ಒಗೆತಕ್ಕೆ ಹೋಯಿತು. ಅವಳು ಮತ್ತೆ ಕೇಳಲಿಲ್ಲ. ಅನುಷಾಳ ಬೆರಳು ಮೇಲಿನ ಸಾಲಿನ ಒಂದು ಗುಂಡಿಯನ್ನು ಒತ್ತಿತು. ಆ ಗುಂಡಿಯ ಮೇಲಿನ ಬರಹ ಪೂರ್ತಿ ಸವೆದುಹೋಗಿತ್ತು.

“ಈಗ ಲಾಕು ಕೊಡಿ” ಎಂದಳು ಅನುಷಾ. ಅವರಿಗೆ ಅರ್ಥವಾಗಲಿಲ್ಲ. “ಸಾಫ್ಟ್‌ವೇರಿನ ಲಾಕಜ್ಜ. ಬೆಂಕಿಪೊಟ್ಟಣದಷ್ಟು ಇರುತ್ತೆ, ಎರಡೂ ಕಡೆ ಪಿನ್ನು. ಹಿಂದಕ್ಕೆ ಸಿಕ್ಕಿಸಿರ್ತಾರೆ. ಇಲ್ಲಿ ಇಲ್ವಲ್ಲ?” ಕಡೂರಿನವನು ಕಿತ್ತು ಕೈಗೆ ಕೊಟ್ಟಿದ್ದ. ಕೈಗೆ ಕೊಟ್ಟದ್ದು ನೆನಪಿತ್ತು, ಆಮೇಲಿನದು ಇರಲಿಲ್ಲ. ಜುಬ್ಬದ ಎರಡೂ ಜೇಬು ಹೊರಗೆಳೆದರು. ಬಸ್ ಟಿಕೇಟು, ಏಲಕ್ಕಿ, ಕರವಸ್ತ್ರ. ಸೀರೆಯನ್ನು ಕೊಡವಿದರು. “ತಾಳಿ ಕಳ್ಕೊಂಡಂಗೆ ಆಡ್ತಾರಲ್ಲ ಯಜಮಾನ್ರು” ಎಂದು ತಿಮ್ಮೇಶ್ ತಾನೂ ಬಗ್ಗಿ ಬೆಂಚಿನ ಕೆಳಗೆ ಹುಡುಕತೊಡಗಿದ. ಅದನ್ನೂ ನೀರಿಗೆ ಹಾಕಿದೆನೇ? ಇಲ್ಲ, ಲಕ್ಕವಳ್ಳಿ ಆದದ್ದು ಕಳೆದ ವರ್ಷ, ಕಡೂರು ಮೊನ್ನೆ. ಆದರೂ ಕಣ್ಣ ಮುಂದೆ ಕಲ್ಲು ಕಟ್ಟಿದ ಹಳದಿ ಗಂಟೇ ಬಂತು, ಅದರೊಳಗೆ ಈ ಲಾಕು ಇರುವಂತೆ, ತಾನು ಬದುಕಿನಲ್ಲಿ ಕಳೆದುಕೊಂಡದ್ದೆಲ್ಲ ಅದರಲ್ಲೇ ಇರುವಂತೆ. ಕೊನೆಗೆ ಅನುಷಾಳೇ, “ಆ ಚೀಲದಲ್ಲಿ ಏನಿದೆ?” ಎಂದಳು. ಅದು ಪೂಜೆಯ ಚೀಲ. ಅದರಲ್ಲಿ ವಿಭೂತಿ ಗಟ್ಟಿ, ರುದ್ರಾಕ್ಷಿ, ಮಡಿಬಟ್ಟೆ. ಮಡಿಬಟ್ಟೆಯ ಮಡಿಕೆಯಲ್ಲಿ ಲಾಕು ಇತ್ತು. ಕಳೆಯಬಾರದ ವಸ್ತು ಎಂದು ಕೈ ತಾನಾಗಿ ಅಲ್ಲಿ ಇಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ತಿಮ್ಮೇಶ್ ಹೊರಗೆ ಹೋಗಿ ಒಂದು ಟೀ ತಂದು ಪಕ್ಕದಲ್ಲಿಟ್ಟ.

ಮೊದಲನೆಯ ಅಧ್ಯಾಯ ತೆರೆದುಕೊಂಡಾಗ ಟೀ ಆರಿತ್ತು. ಪರದೆಯ ಮೇಲೆ ಕನ್ನಡ. ಅವರದೇ ವಾಕ್ಯಗಳು, ದಾಕ್ಷಿ ಕೂರಿಸಿದ ಅಕ್ಷರಗಳು. ಸಾಲಿನ ನಡುವೆ ಎಷ್ಟು ಜಾಗ ಬಿಡಬೇಕೆಂದು ಅವರು ಹೇಳಿದ್ದರೋ ಅಷ್ಟೇ ಜಾಗ. “ಶಿವಾ” ಎಂದರು ಗಟ್ಟಿಯಾಗಿ. “ಇದನ್ನ ಮತ್ತೆ ಆಫ್ ಮಾಡಿದ್ರೆ ಏಳೋದು ಡೌಟು ಅಜ್ಜ. ಇವತ್ತೇ ಎಲ್ಲ ಪ್ರಿಂಟ್ ತೆಗೆದುಬಿಡಾಣ. ಪ್ರೆಸ್ಸಿನೋರು ಅದನ್ನೇ ಫೋಟೋ ಹೊಡ್ಕೊಂಡು ಅಚ್ಚು ಹಾಕ್ತಾರೆ” ಎಂದು ಅನುಷಾ ಮೂಲೆಯ ಹಳೆಯ ಪ್ರಿಂಟರಿನ ಮುಸುಕು ತೆಗೆದಳು. ಎರಡು, ಮೂರು, ನಾಲ್ಕು. ಒಂದೊಂದು ಅಧ್ಯಾಯ ತೆರೆಯಲೂ ಎಷ್ಟು ಹೊತ್ತು! ಮರಳು ಗಡಿಯಾರದ ಚಿತ್ರವೊಂದು ನಿಂತೇ ಇರುತ್ತಿತ್ತು. ಹಾಳೆ ಸಿಕ್ಕಿಕೊಳ್ಳುವುದು, ಎಳೆಯುವುದು, ಮತ್ತೆ ಹಾಕುವುದು. ಆರನೆಯದೂ ಬಂತು. ವಿಶ್ವಾರಾಧ್ಯರು ಎದ್ದು ಅವಳ ಹಿಂದೆ ನಿಂತರು. ಏಳನೆಯದು ಬೇಗ ತೆರೆಯಿತು. ‘ಪೂಜೆ ಮುಗಿಸುವ ಕ್ರಮ’ ಎಂದು ತಲೆಬರಹ. ಒಂದು ಪುಟ. ಎರಡನೆಯ ಪುಟದ ನಡುವಿಗೆ ಬಂದು ಅಕ್ಷರಗಳು ನಿಂತವು. ‘ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡೇ, ಕಣ್ಣು ತೆರೆಯುವ ಮೊದಲು ಸಾಧಕನು’. ಅದರ ಮುಂದೆ ಒಂದು ಸಣ್ಣ ಗೆರೆ ಮಿಟುಕುತ್ತಿತ್ತು.

“ಮುಂದಿನ ಪುಟ ಹಾಕಮ್ಮ.” “ಇಷ್ಟೇ ಅಜ್ಜ ಇರೋದು.” “ಹನ್ನೊಂದು ಪುಟ ಅದು. ಸರಿಯಾಗಿ ನೋಡು.” ಅವಳು ಅಲ್ಲಿ ಇಲ್ಲಿ ಹುಡುಕಿದಳು. ಪರದೆಯ ಮೇಲೆ ಬೇರೆ ಬೇರೆ ಪೆಟ್ಟಿಗೆಗಳನ್ನು ತೆರೆದು ಮುಚ್ಚಿದಳು. ಜಾತಿ ಪ್ರಮಾಣಪತ್ರದ ಅರ್ಜಿ, ಕಂದಾಯದ ಅರ್ಜಿ, ಯಾರದೋ ಒಕ್ಕಣೆ. “ಇಲ್ಲಜ್ಜ. ಅವರು ಇಲ್ಲಿಗೇ ನಿಲ್ಸಿದಾರೆ.” ನಿಲ್ಲಿಸಿದ್ದಾಳೆ. ಅರ್ಧ ವಾಕ್ಯಕ್ಕೆ ಕೈ ಎತ್ತಿ, ಅಂಗಡಿ ಬಾಗಿಲು ಹಾಕಿ, ಮೈ ಬಿಸಿಯಾಗಿದೆ ಎಂದು ಮನೆಗೆ ಬಂದು ಮಲಗಿದ್ದಾಳೆ. ವಿಶ್ವಾರಾಧ್ಯರ ಎದೆಯಿಂದ ಏನೋ ಎದ್ದು ಬಂತು. ಹನ್ನೊಂದು ತಿಂಗಳು ಮಠದಲ್ಲಿ, ಮನೆಯಲ್ಲಿ, ಸಮಾಧಿಯ ಮುಂದೆ, ಎಲ್ಲಿಯೂ ಬಾರದಿದ್ದ ದನಿ.

“ಸುಳ್ಳು ಹೇಳಿದ್ಯಲ್ಲೇ!” ಎಂದು ಕೂಗಿದರು. ಕೈ ಪರದೆಯ ಕಡೆಗೆ ಚಾಚಿತ್ತು. “ಮುಗೀತು ಅಂದ್ಯಲ್ಲೇ ದಾಕ್ಷಿ! ನಿನ್ನ ಮಾತು ನಂಬಿ ಎಲ್ಲಾನೂ ನೀರಿಗೆ ಹಾಕ್ದೆನಲ್ಲೇ! ಆಗಿಲ್ಲಪ್ಪ, ಕೈಲಾಗ್ತಿಲ್ಲ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತೇ ನಿಂಗೆ? ನಾನೇನು ಹೊಡೀತಿದ್ನಾ?”

ಜೆರಾಕ್ಸಿಗೆ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳು ಹಿಂದಕ್ಕೆ ಸರಿದರು. ತಿಮ್ಮೇಶ್ ಎದ್ದು ನಿಂತಿದ್ದ. ಎದುರಿನ ಚಪ್ಪಲಿ ಅಂಗಡಿಯವನು ಬಾಗಿಲಿಗೆ ಬಂದು ನೋಡಿದ. ಹೊಡೆಯುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಜ್ವರದಲ್ಲಿ ಬಿದ್ದವಳು ಅಪ್ಪನನ್ನು ಬಾಗಿಲಿನಿಂದ ಕಳಿಸಲು ಬೇರೆ ಏನು ಹೇಳಬಹುದಿತ್ತು? ಇದು ಅವರಿಗೆ ಕೂಗುತ್ತಿರುವಾಗಲೇ ತಿಳಿದಿತ್ತು, ತಿಳಿದೂ ಕೂಗಿದರು, ಕೂಗುವುದರಲ್ಲಿ ಒಂದು ಸುಖವೂ ಇತ್ತು. ದಾಕ್ಷಿ ಅಡುಗೆಮನೆಯಲ್ಲಿ ಬೆನ್ನು ಮಾಡಿಕೊಂಡು ನಿಂತು, ಇವರ ಕೂಗು ಮುಗಿಯಲಿ ಎಂದು ಕಾಯುತ್ತಿರುವ ಹಾಗಿತ್ತು. ಕೂಗು ಮುಗಿದಾಗ ಅಲ್ಲಿ ಯಾರೂ ಇರಲಿಲ್ಲ.

“ಕೂತ್ಕಳಿ ಅಜ್ಜ” ಎಂದಳು ಅನುಷಾ. ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. “ಹೋಗ್ಲಿ ಬಿಡಿ. ನನಗೆ ಈ ಹಳೇ ಟೈಪಿಂಗ್ ಬರುತ್ತೆ. ನೀವು ಹೇಳಿ, ನಾನು ಹೊಡೀತೀನಿ. ದಿನಾ ಮಾಡೋರು ನೀವು, ಬಾಯಲ್ಲೇ ಇರುತ್ತಲ್ಲ. ಕಣ್ಣು ತೆರೆಯೋ ಮೊದ್ಲು ಸಾಧಕ ಏನು ಮಾಡ್ಬೇಕು?”

ಅರವತ್ತು ವರ್ಷ ಒಂದು ದಿನವೂ ಪೂಜೆ ತಪ್ಪಿಸಿರಲಿಲ್ಲ. ದಾಕ್ಷಿಯನ್ನು ಮಣ್ಣು ಮಾಡಿದ ಸಂಜೆಯೂ ಸ್ನಾನ ಮಾಡಿ ಕೂತಿದ್ದರು. ವಿಶ್ವಾರಾಧ್ಯರು ಕಣ್ಣು ಮುಚ್ಚಿದರು. ಎಡ ಅಂಗೈ ತೊಡೆಯ ಮೇಲೆ ತಾನಾಗಿ ತೆರೆದುಕೊಂ‍ಡಿತು. ಆ ಹನ್ನೊಂದು ಪುಟಗಳಲ್ಲಿ ಸಾಧಕನಿಗೆ ಏನೇನೋ ಹೇಳಿದ್ದರು, ಶಾಂತಿ ಎಂದೋ, ಅರ್ಪಣೆ ಎಂದೋ, ತುಂಬ ಚೆಂದವಾಗಿ. ಬರೆದಾಗ ದಾಕ್ಷಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಈಗ ಅಂಗೈಯ ಮೇಲೆ ಫ್ಯಾನಿನ ಗಾಳಿ ಮಾತ್ರ ಬೀಸುತ್ತಿತ್ತು.

“ನೆನಪಾಗ್ತಿಲ್ವಾ ಅಜ್ಜ?”

“ಗೊತ್ತಿಲ್ಲ ತಾಯಿ” ಎಂದರು.

ಬಾಗಿಲಲ್ಲಿ ಯಾರೋ ಫೋಟೋ ಪ್ರಿಂಟು ಎಂದು ಕೇಳಿದರು, ಇರಿ ಎಂದಳು. “ಹಂಗಾದ್ರೆ ಈ ಅರ್ಧ ಸಾಲು ತೆಗೆದುಬಿಡ್ಲಾ? ಅದ್ರ ಹಿಂದಿನ ಸಾಲಿಗೆ ನಿಲ್ಸಿದ್ರೆ ನೀಟಾಗಿ ಕಾಣುತ್ತೆ. ಯಾರಿಗೂ ಗೊತ್ತಾಗಲ್ಲ.”

“ತೆಗೀಬೇಡ. ಇದ್ದಂಗೆ ಪ್ರಿಂಟು ಕೊಡು.”

ಪ್ರಿಂಟರು ಗೊಣಗಿ ಹಾಳೆ ಎಳೆದುಕೊಂಡಿತು. ಎರಡನೆಯ ಹಾಳೆಯ ಕೆಳಗಿನ ಭಾಗ ಬರಿದಾಗಿತ್ತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ವಿಶ್ವಾರಾಧ್ಯರು ಮೊದಲ ಸಾಲಿನಿಂದ ಓದಿದರು, ಒಂದೂ ಅಕ್ಷರ ಬಿಡದೆ, ಬಹಳ ನಿಧಾನವಾಗಿ. ಆರಾಧನೆಯ ದಿನ ಮಠದ ಹಜಾರದಲ್ಲಿ ಹೆಂಗಸರು ಇದನ್ನು ಮುಂದಿಟ್ಟುಕೊಂಡು ಕೂರುತ್ತಾರೆ, ಸಾಲು ಸಾಲಾಗಿ ಅನುಸರಿಸುತ್ತ ಇಲ್ಲಿಗೆ ಬರುತ್ತಾರೆ, ಲಿಂಗ ಅಂಗೈಯಲ್ಲಿದ್ದ ಹಾಗೇ ಮುಂದೇನು ಎಂದು ತಲೆಯೆತ್ತಿ ಬರೆದವರ ಮುಖವನ್ನು ನೋಡುತ್ತಾರೆ. ನೋಡಲಿ.